ಓಡುವ ಮಕ್ಕಳ ಹೃದಯ: ಮನೆಯ ಜಗುಲಿಯಿಂದ ಮೈದಾನದವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಕ್ರೀಡಾಕೂಟದಲ್ಲಿ ಓಡುತ್ತಿದ್ದ ಹುಡುಗ ದಿಢೀರನೆ ಕುಸಿದು ಬಿದ್ದರೆ ಸುತ್ತ ನೆರೆದವರು ಮೊದಲು ಹುಡುಕುವುದು ಬೀಗದ ಕೈಯನ್ನು. ಕಬ್ಬಿಣವನ್ನು ಮುಷ್ಟಿಯೊಳಗೆ ತುರುಕಿದರೆ ಫಿಟ್ಸ್ ನಿಲ್ಲುತ್ತದೆ ಎಂಬ ನಂಬಿಕೆ. ಒಬ್ಬರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿಯುತ್ತಾರೆ, ಇನ್ನೊಬ್ಬರು ಮುಖಕ್ಕೆ ನೀರು ಎರಚುತ್ತಾರೆ. ಹೃದಯ ನಿಂತಾಗಲೂ ಕೈಕಾಲುಗಳು ಫಿಟ್ಸ್ ಬಂದಂತೆಯೇ ಅದುರಬಹುದು ಎಂಬುದು ಯಾರಿಗೂ ಹೊಳೆಯುವುದಿಲ್ಲ. ಬೀಗದ ಕೈ ಸಿಗುವಷ್ಟರಲ್ಲಿ ಎರಡು ನಿಮಿಷ ಹೋಗಿರುತ್ತದೆ.

ನಾನು ದೈಹಿಕ ಶಿಕ್ಷಕ. ವರ್ಷಗಳ ಹಿಂದೆ ಎಂಟನೇ ತರಗತಿಯ ಒಬ್ಬಳು ಹುಡುಗಿ 800 ಮೀಟರ್ ಓಟದ ಕೊನೆಯ ತಿರುವಿನಲ್ಲಿ ಬಿದ್ದಳು. ಅರ್ಧ ನಿಮಿಷದಲ್ಲಿ ತಾನೇ ಎದ್ದು ಕುಳಿತಳು. ಅಂದು ಶನಿವಾರ, ಬೆಳಿಗ್ಗೆ ಏನೂ ತಿಂದಿರಲಿಲ್ಲ ಎಂದಳು. ನಾನು ಬೇವಿನ ಮರದ ನೆರಳಲ್ಲಿ ಕೂರಿಸಿ ಗ್ಲೂಕೋಸ್ ನೀರು ಕುಡಿಸಿ ಮನೆಗೆ ಕಳುಹಿಸಿದೆ. ಮುಂದಿನ ವರ್ಷ ತಾಲ್ಲೂಕು ಮಟ್ಟದ ಕೂಟದಲ್ಲಿ ಅವಳು ಮತ್ತೆ ಬಿದ್ದಳು. ಅಲ್ಲಿದ್ದ ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: ‘ಓಡುವಾಗ ಬಿದ್ದಳೋ, ಓಡಿ ನಿಂತ ಮೇಲೆ ಬಿದ್ದಳೋ?’ ಓಡುವಾಗಲೇ ಎಂದೆ. ಮರುದಿನವೇ ಇಸಿಜಿ ಮಾಡಿಸಿದರು. ಅವಳ ಹೃದಯದಲ್ಲಿ ಹುಟ್ಟಿನಿಂದಲೇ ಒಂದು ವಿದ್ಯುತ್ ದೋಷವಿತ್ತು. ಈಗ ದಿನವೂ ಒಂದು ಮಾತ್ರೆ ನುಂಗುತ್ತಾಳೆ, ಚೆನ್ನಾಗಿದ್ದಾಳೆ. ಮೊದಲ ಸಲ ನಾನು ಕುಡಿಸಿದ ಆ ಗ್ಲೂಕೋಸ್ ನೀರನ್ನು ನೆನೆದರೆ ಇಂದಿಗೂ ಕೈ ತಣ್ಣಗಾಗುತ್ತದೆ. ನನಗೆ ಆಗ ಗೊತ್ತಿಲ್ಲದಿದ್ದುದನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಇದು ಪೋಷಕರಿಗೆ, ತರಬೇತುದಾರರಿಗೆ, ಊರಿನ ಕಬಡ್ಡಿ, ವಾಲಿಬಾಲ್ ಪಂದ್ಯಾವಳಿ ನಡೆಸುವವರಿಗೆ.

ಮೊದಲು ಒಂದು ವ್ಯತ್ಯಾಸ

ಹೃದಯಾಘಾತವೇ ಬೇರೆ, ಹೃದಯ ಸ್ತಂಭನವೇ ಬೇರೆ. ರಕ್ತನಾಳ ಕಟ್ಟಿಕೊಂಡು ಹೃದಯದ ಸ್ನಾಯುವಿಗೆ ರಕ್ತ ತಲುಪದಿರುವುದು ಹೃದಯಾಘಾತ. ಹೃದಯದ ವಿದ್ಯುತ್ ಲಯ ಕೆಟ್ಟು, ಅದು ಪಂಪ್ ಮಾಡುವುದನ್ನು ಬಿಟ್ಟು ಬರಿದೇ ನಡುಗುವುದು ಸ್ತಂಭನ. 35 ದಾಟಿದವರು ವ್ಯಾಯಾಮದ ವೇಳೆ ಕುಸಿದರೆ ಹೆಚ್ಚಿನ ಸಲ ಮೂಲದಲ್ಲಿ ಕಟ್ಟಿಕೊಂಡ ರಕ್ತನಾಳವೇ ಇರುತ್ತದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ರ ವಯಸ್ಸಿನಲ್ಲಿ ಅಗಲಿದಾಗ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಜನ ತಪಾಸಣೆಗೆ ಸಾಲುಗಟ್ಟಿದರು. ಆ ಭಯ ಸಹಜವಾದದ್ದೇ. ಆದರೆ ಹದಿನೈದರ ಹುಡುಗನಿಗೆ ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿ ನಿರಾಳವಾಗುವುದರಲ್ಲಿ ಅರ್ಥವಿಲ್ಲ. ಆ ವಯಸ್ಸಿನಲ್ಲಿ ಕಾರಣಗಳು ಹೆಚ್ಚಾಗಿ ಹುಟ್ಟಿನಿಂದ ಬಂದವು: ಹೃದಯದ ಗೋಡೆ ಅಸಹಜವಾಗಿ ದಪ್ಪವಾಗುವುದು, ಬಲಭಾಗದ ಸ್ನಾಯು ಸವೆದು ಕೊಬ್ಬಾಗುವುದು, ರಕ್ತನಾಳ ತಪ್ಪು ಜಾಗದಿಂದ ಹೊರಡುವುದು, ವಿದ್ಯುತ್ ಲಯದ ದೋಷಗಳು. ಜ್ವರದ ನಂತರ ಹೃದಯದ ಸ್ನಾಯು ಊದಿಕೊಳ್ಳುವುದು ಇನ್ನೊಂದು ಕಾರಣ.

ಇದು ಅಪರೂಪದ ಸಂಗತಿ ಎಂಬುದನ್ನೂ ಹೇಳಬೇಕು. ವರ್ಷಕ್ಕೆ 50,000ದಿಂದ 80,000 ಯುವ ಕ್ರೀಡಾಪಟುಗಳಲ್ಲಿ ಒಬ್ಬರಿಗೆ ಹೀಗಾಗುತ್ತದೆ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಮಕ್ಕಳನ್ನು ಆಟ ಬಿಡಿಸಲು ಇದು ಕಾರಣವಾಗಬಾರದು.

ಹಂತ 1: ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿ

ಖರ್ಚಿಲ್ಲದ, ಯಂತ್ರವಿಲ್ಲದ ಈ ಹಂತವನ್ನೇ ನಾವು ಎಲ್ಲಕ್ಕಿಂತ ಹೆಚ್ಚು ಕಡೆಗಣಿಸುತ್ತೇವೆ. ಅರ್ಜಿಯಲ್ಲಿ ‘ಮನೆಯಲ್ಲಿ ಯಾರಿಗಾದರೂ ಹೃದಯ ಕಾಯಿಲೆ ಇದೆಯೇ’ ಎಂದು ಕೇಳಿದರೆ ಎಲ್ಲರೂ ‘ಇಲ್ಲ’ ಎಂದು ಗೀಚಿ ಕೊಡುತ್ತಾರೆ. ಪ್ರಶ್ನೆಯನ್ನು ಬದಲಿಸಿ. ಅಜ್ಜಿಯ ಪಕ್ಕ ಕುಳಿತು, ‘ನಮ್ಮ ಎರಡೂ ಕಡೆಯ ಸಂಬಂಧಿಕರಲ್ಲಿ ಐವತ್ತರೊಳಗೆ ಯಾರು ಯಾರು ತೀರಿಕೊಂಡರು, ಹೇಗೆ?’ ಎಂದು ಕೇಳಿ. ಆಗ ಕತೆಗಳು ಹೊರಬರುತ್ತವೆ. ರಾತ್ರಿ ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಸುಮ್ಮನೆ ಬೈಕ್ ರಸ್ತೆಯಿಂದ ಇಳಿಯಿತು, ಎದುರಿಗೆ ಯಾವ ವಾಹನವೂ ಇರಲಿಲ್ಲ. ಗದ್ದೆಯಲ್ಲಿ ಕೆಲಸ ಮಾಡುತ್ತಿದ್ದವನಿಗೆ ಗಾಳಿ ಸೋಕಿತು.

ನಾನು ಹೇಳಿದ ಹುಡುಗಿಯ ಮನೆಯಲ್ಲಿ ಹೊರಬಂದದ್ದು ಸೋದರಮಾವನ ಕತೆ. ಚೆನ್ನಾಗಿ ಈಜು ಬಲ್ಲವನು, ಹತ್ತೊಂಬತ್ತರಲ್ಲಿ ಊರ ಕೆರೆಯಲ್ಲಿ ಮುಳುಗಿದ. ಕೆರೆಗೆ ಬಲಿ ಬೇಕಿತ್ತು ಎಂದು ಊರು ನಂಬಿತ್ತು. ಈಜು ಬಲ್ಲವರು ಕಾರಣವಿಲ್ಲದೆ ಮುಳುಗಿದರೆ ವೈದ್ಯರು ಕಿವಿ ನಿಮಿರಿಸುತ್ತಾರೆ, ಏಕೆಂದರೆ ದೀರ್ಘ ಕ್ಯೂಟಿ ಎಂಬ ವಿದ್ಯುತ್ ದೋಷದ ಒಂದು ಬಗೆಯಲ್ಲಿ ಈಜುವಾಗಲೇ ಲಯ ತಪ್ಪುವುದು ಹೆಚ್ಚು. ಇಪ್ಪತ್ತು ವರ್ಷ ಯಾರೂ ಎತ್ತದಿದ್ದ ಆ ಮಾತನ್ನು ಹುಡುಗಿಯ ತಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಹೇಳಿದರು. ವೈದ್ಯರು ಬರೆದುಕೊಳ್ಳುತ್ತಿದ್ದ ಪೆನ್ನನ್ನು ಕೆಳಗಿಟ್ಟರು.

ನಮ್ಮ ಕಡೆ ಇನ್ನೊಂದು ಪ್ರಶ್ನೆಯನ್ನೂ ಸಂಕೋಚವಿಲ್ಲದೆ ಕೇಳಬೇಕು: ತಂದೆತಾಯಿ ಸೋದರ ಸಂಬಂಧದಲ್ಲಿ ಮದುವೆಯಾದವರೇ? ಕೆಲವು ಲಯದೋಷಗಳು ಎರಡೂ ಕಡೆಯಿಂದ ಅದೇ ದೋಷಯುಕ್ತ ವಂಶವಾಹಿ ಬಂದರೆ ಮಾತ್ರ ಪ್ರಕಟವಾಗುತ್ತವೆ. ಹುಟ್ಟುಕಿವುಡಿನೊಂದಿಗೆ ಬರುವ ದೀರ್ಘ ಕ್ಯೂಟಿ ಅಂಥದ್ದು. ಹುಟ್ಟಿನಿಂದ ಕಿವಿ ಕೇಳಿಸದ ಮಗು ಆಟದಲ್ಲೋ ಗಾಬರಿಯಲ್ಲೋ ಮೂರ್ಛೆ ಹೋದರೆ ಇಸಿಜಿ ಮಾಡಿಸದೆ ಬಿಡಲೇಬೇಡಿ.

ಹಂತ 2: ಮಗುವನ್ನೇ ಕೇಳಿ, ಒಂಟಿಯಾಗಿ

ತಂಡದಿಂದ ಕೈಬಿಡುತ್ತಾರೆ ಎಂಬ ಭಯಕ್ಕೆ ಮಕ್ಕಳು ಸುಳ್ಳು ಹೇಳುತ್ತಾರೆ. ತರಬೇತುದಾರನ ಮುಂದೆ ಕೇಳಿದರೆ ‘ಏನೂ ಇಲ್ಲ ಸರ್’ ಎಂಬ ಉತ್ತರ ಖಚಿತ. ಬೇರೆ ಕೂರಿಸಿ, ನಿಧಾನವಾಗಿ ಕೇಳಿ:

- ಓಡುವಾಗ, ಆಡುವಾಗ ಎಂದಾದರೂ ಕಣ್ಣು ಕತ್ತಲಿಟ್ಟಿದೆಯೇ, ಬಿದ್ದಿದ್ದೀಯಾ?
- ದಣಿದಾಗ ಎದೆಯಲ್ಲಿ ಹಿಡಿದಂತೆ, ಒತ್ತಿದಂತೆ ಆಗುತ್ತದೆಯೇ?
- ಕಾರಣವಿಲ್ಲದೆ ಎದೆ ಡವಡವ ಹೊಡೆದುಕೊಂಡು, ದಿಢೀರನೆ ನಿಂತದ್ದು ಇದೆಯೇ?
- ಜೊತೆಯವರಿಗಿಂತ ಬೇಗ ಏದುಸಿರು ಬರುತ್ತದೆಯೇ? ಇತ್ತೀಚೆಗೆ ಹೆಚ್ಚಾಗಿದೆಯೇ?
- ಫಿಟ್ಸ್ ಎಂದು ಮಾತ್ರೆ ಕೊಟ್ಟಿದ್ದಾರೆಯೇ? ಅದು ಆಟದ ನಡುವೆ ಬಂದದ್ದೇ?

ಪ್ರಾರ್ಥನೆಗೆ ಬಿಸಿಲಲ್ಲಿ ನಿಂತು ತಲೆ ಸುತ್ತಿ ಬೀಳುವುದು ಸಾಮಾನ್ಯ, ಬಹುಪಾಲು ನಿರಪಾಯ. ಓಟ ಮುಗಿಸಿ ಥಟ್ಟನೆ ನಿಂತಾಗ ಬೀಳುವುದೂ ಹಲವು ಸಲ ಹಾಗೆಯೇ. ಓಟದ ಮಧ್ಯೆಯೇ, ಮುನ್ಸೂಚನೆಯಿಲ್ಲದೆ, ಕೈ ಊರಿಕೊಳ್ಳಲೂ ಆಗದಂತೆ ಮುಖ ಕೆಳಗಾಗಿ ಬೀಳುವುದು ಮಾತ್ರ ಬೇರೆಯೇ. ಅದಕ್ಕೆ ಪಿತ್ತ, ದೃಷ್ಟಿ, ಉಪವಾಸ ಎಂಬ ಯಾವ ಹೆಸರನ್ನೂ ಕೊಡಬೇಡಿ. ಪರೀಕ್ಷೆ ಮುಗಿಯುವ ತನಕ ಆ ಮಗು ಓಡಬಾರದು. ಸ್ಪೇನಿನ ಸೆವಿಯ್ಯಾ ತಂಡದ ಫುಟ್‌ಬಾಲ್ ಆಟಗಾರ ಆಂಟೋನಿಯೊ ಪುಯೆರ್ತ 2007ರ ಆಗಸ್ಟ್‌ನಲ್ಲಿ 22ರ ವಯಸ್ಸಿಗೆ ತೀರಿಕೊಂಡರು. ಅದಕ್ಕೂ ಮುಂಚೆ ಅವರು ಪ್ರಜ್ಞೆ ತಪ್ಪಿದ್ದುಂಟು.

ಹಂತ 3: ವೈದ್ಯರು ಮುಟ್ಟಿ ನೋಡಲಿ

ಕ್ರೀಡಾಕೂಟಕ್ಕೆ ಬೇಕಾದ ‘ದೈಹಿಕವಾಗಿ ಸಮರ್ಥ’ ಪ್ರಮಾಣಪತ್ರಕ್ಕೆ ಐವತ್ತು ಮಕ್ಕಳ ಹೆಸರಿನ ಪಟ್ಟಿ ಒಯ್ದು, ಒಬ್ಬರನ್ನೂ ತೋರಿಸದೆ ಮೊಹರು ಹಾಕಿಸಿ ತರುವ ರೂಢಿ ಹಲವು ಕಡೆ ಇದೆ. ನಾನೂ ತಂದಿದ್ದೇನೆ, ಈಗ ತರುವುದಿಲ್ಲ. ಮಗುವಿಗೆ ಹತ್ತು ನಿಮಿಷ ಸಾಕು. ರಕ್ತದೊತ್ತಡ ನೋಡಬೇಕು. ತೊಡೆಸಂದಿನ ನಾಡಿ ಮುಟ್ಟಬೇಕು. ಸ್ಟೆತಸ್ಕೋಪ್ ಇಟ್ಟು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಕೇಳಬೇಕು. ಗೋಡೆ ದಪ್ಪವಾಗಿ ರಕ್ತದ ದಾರಿ ಕಿರಿದಾದ ಹೃದಯದಲ್ಲಿ ಕೇಳಿಸುವ ಸದ್ದು, ಮಗು ಎದ್ದು ನಿಂತಾಗ ಜೋರಾಗುತ್ತದೆ, ಕುಕ್ಕರುಗಾಲಿನಲ್ಲಿ ಕುಳಿತಾಗ ತಗ್ಗುತ್ತದೆ. ಮಲಗಿಸಿ ಮಾತ್ರ ಕೇಳಿದರೆ ಅದು ತಪ್ಪಿಹೋಗಬಹುದು. ಬಾಲ್ಯದ ಗಂಟಲುನೋವಿನಿಂದ ಕವಾಟ ಕೆಟ್ಟಿದ್ದರೆ ಅದೂ ಇಲ್ಲೇ ಸಿಗುತ್ತದೆ. ರುಮ್ಯಾಟಿಕ್ ಹೃದ್ರೋಗ ಎಂಬ ಈ ತೊಂದರೆ ನಮ್ಮ ದೇಶದಿಂದ ಇನ್ನೂ ತೊಲಗಿಲ್ಲ.

ವಾಲಿಬಾಲ್, ಬ್ಯಾಸ್ಕೆಟ್‌ಬಾಲ್‌ಗೆ ನಾವು ಎತ್ತರದ ಮಕ್ಕಳನ್ನು ಆರಿಸುತ್ತೇವೆ. ಅವರಲ್ಲಿ ಮೈಕೈಯನ್ನು ನೀಳವಾಗಿ ಬೆಳೆಸುವ ಮಾರ್ಫಾನ್ ಸಿಂಡ್ರೋಮ್ ಎಂಬ ಹುಟ್ಟುದೋಷ ಇರುವವರೂ ಸೇರಿರಬಹುದು. ಇದರಲ್ಲಿ ಹೃದಯದಿಂದ ದೇಹಕ್ಕೆ ರಕ್ತ ಒಯ್ಯುವ ಮಹಾಪಧಮನಿಯ ಗೋಡೆ ದುರ್ಬಲ. ಒಂದು ಅಳತೆಪಟ್ಟಿ ಸಾಕು: ಎರಡೂ ಕೈ ಚಾಚಿದಾಗಿನ ಅಗಲ ಎತ್ತರಕ್ಕಿಂತ ಸ್ಪಷ್ಟವಾಗಿ ಹೆಚ್ಚಿದೆಯೇ ನೋಡಿ. ಹೆಬ್ಬೆರಳನ್ನು ಅಂಗೈಗೆ ಮಡಿಸಿ ಮುಷ್ಟಿ ಕಟ್ಟಿಸಿ. ಉಗುರಿನ ಭಾಗ ಪೂರ್ತಿ ಕಿರುಬೆರಳಿನ ಆಚೆ ಇಣುಕಿದರೆ, ಒಂದು ಕೈಯ ಹೆಬ್ಬೆರಳು ಕಿರುಬೆರಳುಗಳು ಇನ್ನೊಂದು ಮಣಿಕಟ್ಟನ್ನು ಸುತ್ತಿ ಒಂದರ ಮೇಲೊಂದು ಕೂತರೆ, ಹೃದ್ರೋಗ ತಜ್ಞರ ಬಳಿ ಕಳುಹಿಸಿ. ಇವು ರೋಗವಿದೆ ಎಂಬ ತೀರ್ಪಲ್ಲ, ತಜ್ಞರಿಗೆ ತೋರಿಸಬೇಕೆಂಬ ಸೂಚನೆ ಮಾತ್ರ.

ಹಂತ 4: ಇಸಿಜಿ, ಮತ್ತು ಅದನ್ನು ಓದುವ ಕಣ್ಣು

ತಾಲ್ಲೂಕು ಆಸ್ಪತ್ರೆಯಲ್ಲೇ ಆಗುತ್ತದೆ. ಖಾಸಗಿಯಲ್ಲೂ ಕೆಲವು ನೂರು ರೂಪಾಯಿ ಅಷ್ಟೇ. ಮಗು ಅಂಗಿ ಬಿಚ್ಚಿ ಮಲಗುತ್ತದೆ, ಎದೆಯ ಮೇಲೆ ಆರು ಕಡೆ ತಣ್ಣನೆಯ ಜೆಲ್ ಹಚ್ಚಿ ಬಟ್ಟಲುಗಳನ್ನು ಅಂಟಿಸುತ್ತಾರೆ, ಕೈಕಾಲಿಗೆ ಕ್ಲಿಪ್ಪುಗಳು. ನೋವಿಲ್ಲ. ಹೆಣ್ಣುಮಕ್ಕಳಿಗೆ ಮಹಿಳಾ ಸಿಬ್ಬಂದಿ ಇರುವಂತೆ ಮೊದಲೇ ಕೇಳಿಕೊಳ್ಳಿ. ನಾಚಿಕೆಯಿಂದ ಬಟ್ಟಲು ತಪ್ಪು ಜಾಗದಲ್ಲಿ ಕೂತರೆ ಇಡೀ ಇಸಿಜಿ ತಪ್ಪಾಗುತ್ತದೆ.

ಗುಲಾಬಿ ಗೆರೆಯ ಆ ಕಾಗದದಲ್ಲಿ ಒಂದು ಸಣ್ಣ ಚೌಕ ಅಂದರೆ 40 ಮಿಲಿಸೆಕೆಂಡ್. ನಮ್ಮ ಹುಡುಗಿಯ ಕಾಗದವನ್ನು ವೈದ್ಯರು ಕಿಟಕಿಯ ಬೆಳಕಿಗೆ ಹಿಡಿದು ಪೆನ್ನಿನ ತುದಿಯಿಂದ ಚೌಕಗಳನ್ನು ಒಂದೊಂದಾಗಿ ಎಣಿಸಿದರು, ಬಡಿತದ ವೇಗಕ್ಕೆ ಹೊಂದಿಸಿ ಲೆಕ್ಕ ಹಾಕಿದರು. ಕ್ಯೂಟಿ ಅವಧಿ, ಅಂದರೆ ಪ್ರತಿ ಬಡಿತದಲ್ಲಿ ಹೃದಯದ ಕೆಳಕೋಣೆಗಳ ವಿದ್ಯುತ್ ಚಟುವಟಿಕೆ ಶುರುವಾಗಿ ಮುಗಿಯಲು ಹಿಡಿಯುವ ಹೊತ್ತು, 510 ಮಿಲಿಸೆಕೆಂಡ್ ಬಂತು. ಕ್ರೀಡಾಪಟುಗಳಲ್ಲಿ ಹುಡುಗರಿಗೆ 470, ಹುಡುಗಿಯರಿಗೆ 480 ಮುಟ್ಟಿದರೆ ಪರೀಕ್ಷೆ ಮುಂದುವರಿಸಬೇಕು. 500 ದಾಟಿದರೆ ಸಂಶಯ ಗಟ್ಟಿ. ಯಂತ್ರವೇ ಮೇಲ್ಗಡೆ ಅಚ್ಚು ಹಾಕಿದ ಸಂಖ್ಯೆಯನ್ನು ನಂಬಿ ಕೂರಬಾರದು ಎಂದು ನಾನು ಕಲಿತದ್ದು ಅಂದು.

ಇದರ ಇನ್ನೊಂದು ಮುಖವೂ ಇದೆ. ದಿನವೂ ಓಡುವ ಮಗುವಿನ ಹೃದಯ ನಿಧಾನವಾಗಿ, ಬಲವಾಗಿ ಬಡಿಯುತ್ತದೆ. ನಿಮಿಷಕ್ಕೆ 45 ಬಡಿತವಿದ್ದರೂ ಅದು ರೋಗವಲ್ಲ. ಅಲೆಗಳು ಎತ್ತರವಾಗಿರುವುದನ್ನು ನೋಡಿ ಯಂತ್ರ ‘ಹೃದಯ ದಪ್ಪವಾಗಿದೆ’ ಎಂದು ಮುದ್ರಿಸುತ್ತದೆ, ಮನೆಯವರು ಕಂಗಾಲಾಗುತ್ತಾರೆ. 16ರೊಳಗಿನ ಮಕ್ಕಳಲ್ಲಿ ಎದೆಯ ಮುಂಭಾಗದ ಮೊದಲ ಮೂರು ಲೀಡ್‌ಗಳಲ್ಲಿ (ಬಟ್ಟಲುಗಳಿಂದ ಮೂಡುವ ಗೆರೆಗಳಲ್ಲಿ) ಟಿ ಎಂಬ ಅಲೆ ತಲೆಕೆಳಗಾಗಿರುವುದು ಸಹಜ. ಅದೇ ಅಲೆ ಎಡಪಕ್ಕದ ಲೀಡ್‌ಗಳಲ್ಲಿ ತಲೆಕೆಳಗಾಗಿದ್ದರೆ ಗಂಭೀರ. ಕ್ರೀಡಾಪಟುಗಳ ಇಸಿಜಿ ಓದಲೆಂದೇ 2017ರಲ್ಲಿ ಅಂತರರಾಷ್ಟ್ರೀಯ ಮಾನದಂಡಗಳು ಪ್ರಕಟವಾಗಿವೆ. ಹಾಗಾಗಿ ಕಾಗದದ ಮೇಲೆ ‘ದಿನಕ್ಕೆ ಎರಡು ಗಂಟೆ ಓಟದ ಅಭ್ಯಾಸ’ ಎಂದು ಬರೆಸಿಯೇ ತಜ್ಞರಿಗೆ ತೋರಿಸಿ. ಬೆಂಗಳೂರು, ಮೈಸೂರು, ಕಲಬುರಗಿಯಲ್ಲಿ ಜಯದೇವ ಸಂಸ್ಥೆಯ ಆಸ್ಪತ್ರೆಗಳಿವೆ. ಎಲ್ಲದಕ್ಕೂ ಅಲ್ಲಿಗೆ ಓಡಬೇಕಿಲ್ಲ, ಸಂಶಯ ಬಂದ ಕಾಗದವನ್ನು ಒಯ್ದರೆ ಸಾಕು.

ಎಲ್ಲರಿಗೂ ಇಸಿಜಿ ಬೇಕೇ?

ಇಲ್ಲಿ ದೇಶ ದೇಶಗಳ ನಡುವೆ ಒಮ್ಮತವಿಲ್ಲ. ಇಟಲಿಯಲ್ಲಿ 1982ರಿಂದ ಸ್ಪರ್ಧಾತ್ಮಕ ಕ್ರೀಡೆಗೆ ಇಳಿಯುವವರಿಗೆ ಇಸಿಜಿ ಕಡ್ಡಾಯ. ಅಲ್ಲಿನ ವೆನೆಟೊ ಪ್ರಾಂತ್ಯದಲ್ಲಿ ಕ್ರೀಡಾಪಟುಗಳ ಹಠಾತ್ ಸಾವು ವರ್ಷಕ್ಕೆ ಲಕ್ಷಕ್ಕೆ 3.6ರಿಂದ 0.4ಕ್ಕೆ ಇಳಿಯಿತು ಎಂದು 2006ರಲ್ಲಿ ಅಧ್ಯಯನವೊಂದು ತೋರಿಸಿತು. ಇಸ್ರೇಲಿನಲ್ಲೂ ಕಾನೂನು ಮಾಡಿದರು, ಅಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಅಮೆರಿಕದಲ್ಲಿ 14 ಅಂಶಗಳ ಪ್ರಶ್ನಾವಳಿ ಮತ್ತು ದೈಹಿಕ ಪರೀಕ್ಷೆಗೇ ಒತ್ತು.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇಂಗ್ಲೆಂಡಿನ ಲೆಕ್ಕ. ಅಲ್ಲಿ 1996ರಿಂದ 2016ರವರೆಗೆ 11,168 ಹದಿಹರೆಯದ ಫುಟ್‌ಬಾಲ್ ಆಟಗಾರರಿಗೆ ಇಸಿಜಿಯ ಜೊತೆಗೆ ಎಕೋವನ್ನೂ, ಅಂದರೆ ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆಯನ್ನೂ ಮಾಡಿದರು. 42 ಮಂದಿಯಲ್ಲಿ ಪ್ರಾಣಕ್ಕೆ ಎರವಾಗಬಲ್ಲ ದೋಷ ಸಿಕ್ಕಿತು. ಮುಂದೆ ಆ ಇಡೀ ಗುಂಪಿನಲ್ಲಿ ಎಂಟು ಮಂದಿ ಹೃದಯದ ಕಾಯಿಲೆಯಿಂದ ಹಠಾತ್ತನೆ ತೀರಿಕೊಂಡರು. ಆ ಎಂಟರಲ್ಲಿ ಆರು ಮಂದಿಯ ತಪಾಸಣೆ ಸಹಜ ಎಂದು ಬಂದಿತ್ತು. ತಪಾಸಣೆಗೂ ಸಾವಿಗೂ ನಡುವೆ ಸರಾಸರಿ ಆರೇಳು ವರ್ಷ ಕಳೆದಿದ್ದವು.

ನನ್ನ ನಿಲುವು ಇಷ್ಟು: ಶಾಲೆಯ ಎಲ್ಲ ಮಕ್ಕಳಿಗೂ ಹಂತ 1ರಿಂದ 3. ಜಿಲ್ಲಾ ಮಟ್ಟಕ್ಕೆ ಏರುವವರಿಗೆ, ಕ್ರೀಡಾ ವಸತಿ ನಿಲಯ ಸೇರುವವರಿಗೆ ಇಸಿಜಿ, ಅದೂ ಒಂದೆರಡು ವರ್ಷಕ್ಕೊಮ್ಮೆ. ಮೊದಲ ಮೂರು ಹಂತಗಳಲ್ಲಿ ಏನಾದರೂ ಸಿಕ್ಕ ಮಗುವಿಗೆ ಆ ವಾರವೇ.

ಹಂತ 5: ಎಕೋ ಮತ್ತು ಉಳಿದವು

ಇದನ್ನು ತಜ್ಞರು ನಿರ್ಧರಿಸಲಿ. ಎಕೋ ಗೋಡೆಯ ದಪ್ಪ, ಕವಾಟ, ಮಹಾಪಧಮನಿ ತೋರಿಸುತ್ತದೆ. ಓಡಿದಾಗ ಮಾತ್ರ ಕೆಡುವ ಲಯಕ್ಕೆ ಟ್ರೆಡ್‌ಮಿಲ್ ಪರೀಕ್ಷೆ ಬೇಕು, ಮಲಗಿದಾಗಿನ ಇಸಿಜಿಯಲ್ಲಿ ಅದು ಕಾಣುವುದೇ ಇಲ್ಲ. ತಪ್ಪು ಜಾಗದಿಂದ ಹೊರಟ ರಕ್ತನಾಳಕ್ಕೆ ಸಿಟಿ ಅಥವಾ ಎಂಆರ್‌ಐ.

ಹಂತ 6: ದೋಷ ಸಿಕ್ಕಿತು. ಮುಂದೇನು?

ಅಂದೇ ಆಟ ನಿಲ್ಲಿಸಿ, ಆದರೆ ಎಂದೆಂದಿಗೂ ಆಟ ಮುಗಿಯಿತು ಎಂದು ಮಗುವಿನ ಮುಂದೆ ಹೇಳಬೇಡಿ. ಕೆಲವು ದೋಷಗಳನ್ನು ರಕ್ತನಾಳದೊಳಗೆ ತೂರಿಸುವ ಕ್ಯಾತಿಟರ್ ಎಂಬ ತೆಳು ಕೊಳವೆಯ ಮೂಲಕ ಸುಟ್ಟು ಸರಿಪಡಿಸುತ್ತಾರೆ, ಮಗು ಮತ್ತೆ ಮೈದಾನಕ್ಕೆ ಬರುತ್ತದೆ. ಕೆಲವಕ್ಕೆ ಮಾತ್ರೆ, ಕೆಲವಕ್ಕೆ ಎದೆಯೊಳಗೆ ಕೂರಿಸುವ, ಲಯ ಕೆಟ್ಟಾಗ ತಾನೇ ವಿದ್ಯುತ್ ಆಘಾತ ಕೊಡುವ ಐಸಿಡಿ ಸಾಧನ.

ಪಂಜಾಬಿನ ಫುಟ್‌ಬಾಲ್ ಆಟಗಾರ ಅನ್ವರ್ ಅಲಿಗೆ 2019ರಲ್ಲಿ ಹೃದಯದ ಗೋಡೆ ದಪ್ಪವಾಗುವ ಕಾಯಿಲೆ ಪತ್ತೆಯಾಯಿತು. ಆಡುವುದನ್ನು ನಿಲ್ಲಿಸುವಂತೆ ಭಾರತದ ಫುಟ್‌ಬಾಲ್ ಫೆಡರೇಷನ್ ಹೇಳಿತು, ಅವರು ದೆಹಲಿ ಹೈಕೋರ್ಟ್ ಮೆಟ್ಟಿಲೇರಿದರು, ಮುಂದೆ ಮೈದಾನಕ್ಕೆ ಮರಳಿ ಭಾರತ ತಂಡದಲ್ಲೂ ಆಡಿದರು. ಅದೇ ಬಗೆಯ ಕಾಯಿಲೆ ಇದ್ದ ಕ್ಯಾಮರೂನಿನ ಮಾರ್ಕ್ ವಿವಿಯನ್ ಫೋ 2003ರ ಜೂನ್ 26ರಂದು ಫ್ರಾನ್ಸಿನ ಲಿಯಾನ್‌ನಲ್ಲಿ, ಸೆಮಿಫೈನಲ್ ಪಂದ್ಯದ ನಡುವೆ, 28ರ ವಯಸ್ಸಿನಲ್ಲಿ ತೀರಿಕೊಂಡರು. ಈ ಎರಡರಲ್ಲಿ ಯಾವುದನ್ನೇ ಆಗಲಿ ನಿಮ್ಮ ಮಗುವಿಗೆ ಉದಾಹರಣೆಯಾಗಿ ಹಿಡಿಯಬೇಡಿ. ಒಂದೇ ಹೆಸರಿನ ಕಾಯಿಲೆಯಲ್ಲೂ ಅಪಾಯದ ಮಟ್ಟ ಬೇರೆ ಬೇರೆ. ಎರಡನೆಯ ತಜ್ಞರ ಅಭಿಪ್ರಾಯ ಪಡೆಯಿರಿ, ಮಗುವನ್ನೂ ಮಾತುಕತೆಯಲ್ಲಿ ಕೂರಿಸಿಕೊಳ್ಳಿ.

ಜ್ವರದ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಮೈ ಬಿಸಿಯಿರುವಾಗ ‘ಒಂದು ಪಂದ್ಯ ಆಡಿಬಿಡು’ ಎನ್ನಬೇಡಿ. ಜ್ವರ ಇಳಿದ ಮೇಲೂ ಎದೆನೋವು, ಡವಡವ, ಸುಸ್ತು ಉಳಿದರೆ ಹೃದಯದ ಸ್ನಾಯು ಊದಿಕೊಂಡಿರಬಹುದು. ಅದು ಖಚಿತವಾದರೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಆಟವಿಲ್ಲ.

ಹಂತ 7: ಮೈದಾನವನ್ನು ಸಿದ್ಧಗೊಳಿಸಿ

2004ರ ಡಿಸೆಂಬರ್ 5ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ ಫೈನಲ್. ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ತಮ್ಮ ಎರಡನೇ ಗೋಲು ಹೊಡೆದ ಕ್ಷಣದಲ್ಲೇ ಎದುರಾಳಿ ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಬಿದ್ದರು, ಮತ್ತೆ ಏಳಲಿಲ್ಲ. ಮೈದಾನದಲ್ಲಿ ತಕ್ಕ ವೈದ್ಯಕೀಯ ವ್ಯವಸ್ಥೆ ಇರಲಿಲ್ಲ ಎಂಬ ನೋವು ದೇಶದ ಫುಟ್‌ಬಾಲ್ ವಲಯದಲ್ಲಿ ಬಹುಕಾಲ ಉಳಿಯಿತು.

2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕಿನ ಫುಟ್‌ಬಾಲ್ ಆಟಗಾರ ಕ್ರಿಸ್ಟಿಯನ್ ಎರಿಕ್ಸನ್ ಪಂದ್ಯದ ನಡುವೆ ಯಾರೂ ತಾಕದೆ ಬಿದ್ದರು. ಅವರ ಹಿಂದಿನ ತಪಾಸಣೆಗಳೆಲ್ಲ ಸಹಜವೆಂದೇ ಬಂದಿದ್ದವು. ಜೊತೆಗಾರರು ಓಡಿಬಂದರು, ವೈದ್ಯರು ಎದೆ ಒತ್ತಿದರು, ಎದೆಯ ಮೇಲಿಂದ ವಿದ್ಯುತ್ ಆಘಾತ ಕೊಡುವ ಎಇಡಿ ಯಂತ್ರದ ಒಂದೇ ಆಘಾತಕ್ಕೆ ಹೃದಯ ಲಯಕ್ಕೆ ಮರಳಿತು. ಎಂಟು ತಿಂಗಳಲ್ಲಿ ಅವರು ಎದೆಯೊಳಗೆ ಐಸಿಡಿ ಇಟ್ಟುಕೊಂಡು ಇಂಗ್ಲೆಂಡಿನಲ್ಲಿ ಆಡುತ್ತಿದ್ದರು.

ಎದೆ ಒತ್ತದೆ ಬಿಟ್ಟರೆ, ಆಘಾತ ಕೊಡುವುದು ತಡವಾದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಕುಸಿಯುತ್ತದೆ. ಹಾಗಾಗಿ ಇದನ್ನು ಬಾಯಿಪಾಠ ಮಾಡಿಸಿ:

ಆಟಗಾರ ತಾನಾಗಿ ಕುಸಿದು ಪ್ರತಿಕ್ರಿಯಿಸದಿದ್ದರೆ ಹೃದಯ ನಿಂತಿದೆ ಎಂದೇ ತಿಳಿಯಿರಿ. ಕಣ್ಣು ತೆರೆದಿರಬಹುದು. ಕೈಕಾಲು ಅದುರಬಹುದು. ನೀರಿನಿಂದ ತೆಗೆದ ಮೀನಿನಂತೆ ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಎಳೆಯುವುದು ಉಸಿರಾಟವಲ್ಲ. ನಾಡಿ ಹುಡುಕುತ್ತಾ ಕೂರಬೇಡಿ. ಒಬ್ಬರ ಹೆಸರು ಹಿಡಿದು ಕರೆದು ‘108ಕ್ಕೆ ಫೋನ್ ಮಾಡು’ ಎನ್ನಿ, ಇನ್ನೊಬ್ಬರನ್ನು ಎಇಡಿ ತರಲು ಓಡಿಸಿ, ಮೂರನೆಯವರನ್ನು ಆಂಬುಲೆನ್ಸ್‌ಗೆ ದಾರಿ ತೋರಿಸಲು ಗೇಟಿಗೆ ನಿಲ್ಲಿಸಿ. ನೀವು ಮೊಣಕಾಲೂರಿ, ಎದೆಯ ನಡುವಿನ ಮೂಳೆಯ ಕೆಳ ಅರ್ಧಕ್ಕೆ ಒಂದು ಅಂಗೈ, ಅದರ ಮೇಲೆ ಇನ್ನೊಂದು ಇಟ್ಟು, ಮೊಣಕೈ ಮಡಿಸದೆ ಭುಜದ ಭಾರ ಬಿಟ್ಟು ಒತ್ತಿ. ಆಳ 5ರಿಂದ 6 ಸೆಂಟಿಮೀಟರ್, ಚಿಕ್ಕ ಮಕ್ಕಳಿಗೆ ಎದೆಯ ದಪ್ಪದ ಮೂರನೇ ಒಂದು ಭಾಗ. ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಒತ್ತಿಗೂ ಎದೆ ಪೂರ್ತಿ ಮೇಲೇಳಲು ಬಿಡಿ. ತರಬೇತಿ ಇದ್ದವರು 30 ಒತ್ತಿಗೆ 2 ಉಸಿರು ಊದಲಿ, ಇಲ್ಲದವರು ಒತ್ತುತ್ತಲೇ ಇರಲಿ. ಎರಡು ನಿಮಿಷಕ್ಕೊಮ್ಮೆ ಒತ್ತುವವರನ್ನು ಬದಲಿಸಿ. ದಪ್ಪ ದಿಂಬಿನ ಮೇಲೆ ಅಭ್ಯಾಸ ಮಾಡಿಸಿದಾಗ ನಮ್ಮ ಕಬಡ್ಡಿ ತಂಡದ ಗಟ್ಟಿಮುಟ್ಟಾದ ಹುಡುಗರೂ ಎರಡೇ ನಿಮಿಷಕ್ಕೆ ಬೆವರಿಳಿಸಿದರು.

ಎಇಡಿ ಬಂದ ತಕ್ಷಣ ಗುಂಡಿ ಒತ್ತಿ, ಅದೇ ಮಾತಾಡಿ ಹೇಳಿಕೊಡುತ್ತದೆ. ಎದೆಯ ಬೆವರು ಒರೆಸಿ, ಒಂದು ಪ್ಯಾಡ್ ಬಲಗಡೆ ಕೊರಳ ಮೂಳೆಯ ಕೆಳಗೆ, ಇನ್ನೊಂದು ಎಡಗಡೆ ಕಂಕುಳ ಕೆಳಗೆ. ಆಘಾತದ ಹೊತ್ತಿಗೆ ಯಾರೂ ಮುಟ್ಟಬಾರದು. ಅಗತ್ಯವಿಲ್ಲದಿದ್ದರೆ ಯಂತ್ರ ಆಘಾತ ಕೊಡುವುದಿಲ್ಲ, ಆದ್ದರಿಂದ ಹೆದರಬೇಡಿ. ಅದನ್ನು ಮುಖ್ಯೋಪಾಧ್ಯಾಯರ ಕೋಣೆಯ ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಕೊಂಡದ್ದೂ ವ್ಯರ್ಥ. ಕ್ರಿಕೆಟ್ ಚೆಂಡು ಎದೆಗೆ ಬಡಿದು ಬಿದ್ದ ಮಗುವಿಗೂ ಇದೇ ಕ್ರಮ. ಬಡಿತದ ಒಂದು ಸೂಕ್ಷ್ಮ ಗಳಿಗೆಯಲ್ಲಿ ಏಟು ಬಿದ್ದರೆ ಆರೋಗ್ಯವಾದ ಹೃದಯವೂ ನಿಲ್ಲುತ್ತದೆ, ಅದನ್ನು ಯಾವ ತಪಾಸಣೆಯೂ ಮೊದಲೇ ಹೇಳಲಾರದು.

ಸಾವಾದ ಮನೆಯಲ್ಲಿ

ಬರೆಯಲು ಕಷ್ಟವಾದ ಭಾಗ ಇದು. ಎಳೆಯ ಮಗು ಆಟದ ನಡುವೆ ತೀರಿಕೊಂಡಾಗ ‘ಇನ್ನು ಕುಯ್ಯುವುದು ಯಾಕೆ’ ಎಂದು ಮನೆಯವರು ಮರಣೋತ್ತರ ಪರೀಕ್ಷೆ ಬೇಡವೆನ್ನುತ್ತಾರೆ. ಆ ಹೊತ್ತಿನಲ್ಲಿ ಹತ್ತಿರ ಕುಳಿತು ಮೆಲ್ಲಗೆ ಹೇಳುವವರು ಒಬ್ಬರು ಬೇಕು: ಒಡಹುಟ್ಟಿದವರಿಗಾಗಿ ಕಾರಣ ತಿಳಿಯಬೇಕು. ವರದಿ ಏನೇ ಬರಲಿ, ತಂದೆ, ತಾಯಿ, ಅಣ್ಣತಮ್ಮ, ಅಕ್ಕತಂಗಿಯರಿಗೆ ಇಸಿಜಿ, ಎಕೋ ಮಾಡಿಸಿ.

ಅಮೆರಿಕದ ವಾಲಿಬಾಲ್ ತಾರೆ ಫ್ಲೋ ಹೈಮನ್ 1986ರ ಜನವರಿಯಲ್ಲಿ ಜಪಾನಿನ ಮಟ್ಸುವೆ ನಗರದಲ್ಲಿ, ಪಂದ್ಯದ ನಡುವೆ ಬೆಂಚಿನ ಮೇಲೆ ಕುಳಿತಿದ್ದಾಗ ಕುಸಿದು ತೀರಿಕೊಂಡರು. ಮರಣೋತ್ತರ ಪರೀಕ್ಷೆಯಲ್ಲಿ ಮಾರ್ಫಾನ್ ಸಿಂಡ್ರೋಮ್ ಪತ್ತೆಯಾಯಿತು. ಕೂಡಲೇ ಅವರ ಸಹೋದರನನ್ನು ಪರೀಕ್ಷಿಸಿದರು. ಅವರಿಗೂ ಅದೇ ಇತ್ತು, ಮಹಾಪಧಮನಿ ಉಬ್ಬಿತ್ತು. ಕೆಲವೇ ದಿನಗಳಲ್ಲಿ ಅವರಿಗೆ ಶಸ್ತ್ರಚಿಕಿತ್ಸೆಯಾಯಿತು.